ವೈಂಡರ್ ನೂರುಲ್ಲಾ ಮತ್ತು ಗಾಳಿಯಿಲ್ಲದ ಗಾಳಿಯಂತ್ರ

ನೂರುಲ್ಲಾ ಅವರನ್ನು ನಾನು ಮೊದಲು ನೋಡಿದ್ದು 2021ರ ಆಗಸ್ಟ್ ತಿಂಗಳಿನ ಒಂದು ಮಂಗಳವಾರ, ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ. ಇಷ್ಟು ಸರಿಯಾಗಿ ನೆನಪಿರುವುದಕ್ಕೆ ಕಾರಣವಿದೆ. ಹಿಂದಿನ ದಿನ ಸಂಜೆ ಚಾಮರಾಜನಗರದ ನಮ್ಮ ಇಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ನಾನು ಒಂದು ಮೋಟಾರನ್ನು ಸುಟ್ಟುಹಾಕಿದ್ದೆ. ನನ್ನ ಪಿಎಚ್‌ಡಿ ನಿಂತಿದ್ದದ್ದೇ ಆ ಮೋಟಾರಿನ ಮೇಲೆ. ಬೆಂಗಳೂರಿನ ಡೀಲರಿಗೆ ಫೋನ್ ಮಾಡಿದರೆ ಹೊಸದಕ್ಕೆ ಮೂರು ತಿಂಗಳು ಎಂದರು. ಪ್ರಯೋಗಾಲಯದ ಮೆಕ್ಯಾನಿಕ್ ಸಿದ್ದಯ್ಯ ಮೋಟಾರು ಬಿಚ್ಚಿ, ಅದರೊಳಗಿನ ಆರ್ಮೇಚರನ್ನು, ಅಂದರೆ ತಾಮ್ರದ ತಂತಿ ಸುತ್ತಿದ ತಿರುಗುವ ಭಾಗವನ್ನು, ಗೋಣಿಚೀಲದಲ್ಲಿ ಕಟ್ಟಿ ಬಸ್ಸಿಗೆ ಹತ್ತಿಸಿಕೊಟ್ಟರು.

“ಗುಂಡ್ಲುಪೇಟೆಗ್ ಓಗವ್ವ. ನೂರು ಅಂತ ಒಬ್ಬ ಅವ್ನೆ. ಅವ್ನ್ ಕೈಲಾಗ್ನಿಲ್ಲ ಅಂದ್ರೆ ಗುಜರಿಗ್ ಆಕ್ಬುಡು” ಎಂದರು.

ತೆರಕಣಾಂಬಿ ದಾಟುವವರೆಗೂ ಆ ಚೀಲ ನನ್ನ ಕಾಲಿನ ಹತ್ತಿರ ಉರುಳಾಡುತ್ತಿತ್ತು. ಕಂಡಕ್ಟರ್ ಬೂಟಿನಿಂದ ಒತ್ತಿ ನೋಡಿ, “ಏನವ್ವ, ಸೊಸೈಟಿ ಅಕ್ಕಿನಾ?” ಎಂದ. ಮೋಟಾರ್ ಸಾಮಾನು ಎಂದೆ. “ನಾನ್ ಎಣ ಅನ್ಕಂಡೆ, ಅಷ್ಟ್ ತೂಕ ಅದೆ” ಎಂದು ಲಗೇಜು ಟಿಕೇಟು ಹರಿದ. ಹಿಂದಿನ ಸೀಟಿನವರೆಲ್ಲ ನಕ್ಕರು.

ಅಂಗಡಿ ಹಳೇ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿತ್ತು. ಆರಡಿ ಅಗಲ. ಒಳಗೆ ವಾರ್ನಿಷ್ ವಾಸನೆ. ಗೋಡೆಯ ಮೊಳೆಗಳಿಗೆ ತಂತಿ ಸುತ್ತುವ, ಬೇರೆ ಬೇರೆ ಅಳತೆಯ ಮರದ ಅಚ್ಚುಗಳು ನೇತಾಡುತ್ತಿದ್ದವು. ಮೂಲೆಯಲ್ಲಿ ಒಂದು ತಗಡಿನ ಡಬ್ಬದೊಳಗೆ ಇನ್ನೂರು ವಾಟಿನ ಬಲ್ಬು ಉರಿಯುತ್ತಿತ್ತು, ಅದರ ಶಾಖಕ್ಕೆ ಯಾವುದೋ ಮೋಟಾರಿಗೆ ಹೊಸದಾಗಿ ಸುತ್ತಿದ ತಂತಿಯ ವೈಂಡಿಂಗ್ ಒಣಗುತ್ತಿತ್ತು. ಐವತ್ತು ದಾಟಿದ, ತೆಳ್ಳನೆಯ ಒಬ್ಬರು ಮಣೆಯ ಮೇಲೆ ಕೂತಿದ್ದರು. ಅವರ ಎಡಭುಜ ಬಲಭುಜಕ್ಕಿಂತ ಎರಡು ಬೆರಳಿನಷ್ಟು ಕೆಳಗಿತ್ತು. ಚೀಲವನ್ನು ನಾನೇ ಮೆಟ್ಟಿಲ ಮೇಲಕ್ಕೆ ಎಳೆಯುವವರೆಗೆ ಕಾದು, ಬಲಗೈ ಒಂದರಲ್ಲೇ ಕಟ್ಟು ಬಿಚ್ಚಿದರು. ಮೊದಲು ಮೂಸಿದರು. ಆಮೇಲೆ ಉಗುರಿನಿಂದ ಒಂದು ತಂತಿಯನ್ನು ಕೆರೆದರು.

“ಯಾರ್ ಸುಟ್ಟಿದ್ದು?”

“ನಾನೇ.”

“ಒಳ್ಳೇದು. ಎಲ್ರೂ ಕರೆಂಟ್ನೋರ್ ಮೇಲೆ ಯೋಳ್ತರೆ. ಏನ್ ಓಡುಸ್ತಿದ್ರಿ ಮೇಡಂ? ಹಿಟ್ಟಿನ್ ಗಿರಣಿನಾ?”

“ಗಾಳಿ” ಎಂದೆ.

ಅವರು ತಲೆಯೆತ್ತಿದರು. ನಾನು ವಿವರಿಸಿದೆ. ಗಾಳಿಯಂತ್ರದ ರೆಕ್ಕೆಯ ಬದಲಿಗೆ ಈ ಮೋಟಾರು. ಗಾಳಿ ಎಷ್ಟು ಬೀಸುತ್ತಿದೆ ಎಂದು ಕಂಪ್ಯೂಟರಿಗೆ ಕೊಟ್ಟರೆ, ನಿಜವಾದ ರೆಕ್ಕೆ ಎಷ್ಟು ಬಲದಿಂದ ತಿರುಗಿಸುತ್ತಿತ್ತೋ ಅಷ್ಟೇ ಬಲದಿಂದ ಇದು ಜನರೇಟರನ್ನು ತಿರುಗಿಸುತ್ತದೆ. ಹೊಸ ಜನರೇಟರನ್ನೋ ಹೊಸ ನಿಯಂತ್ರಣವನ್ನೋ ಪರೀಕ್ಷಿಸಲು ಟವರ್ ಹತ್ತಬೇಕಿಲ್ಲ, ಆಷಾಢದ ಗಾಳಿಗೆ ಕಾಯಬೇಕಿಲ್ಲ, ಮೇಜಿನ ಮೇಲೇ ಆಗುತ್ತದೆ.

“ಅಂದ್ರೆ ಕಾತಾಡಿ ನಾಟ್ಕ ಆಡುಸ್ತೀರಿ” ಎಂದು ನಕ್ಕರು. ಗಾಳಿಯಂತ್ರಕ್ಕೆ ಅವರು ಕಾತಾಡಿ ಎಂಬ ತಮಿಳಿನ ಮಾತನ್ನೇ ಬಳಸುತ್ತಿದ್ದರು. “ಉಡುಮಲೈ ಕಡೆ ಎಂಟೊರ್ಸ ನಾನು ಅದ್ರ ಒಟ್ಟೆ ಒಳ್ಗೇ ಇದ್ದೋನು. ಇದು ಯಾಕ್ ಸುಡ್ತು ಗೊತ್ತಾ? ನೀವು ಮೆತ್ತಗ್ ಓಡ್ಸಿ ಜಾಸ್ತಿ ಎಳ್ದಿದ್ದೀರಿ. ಇದ್ರ ಫ್ಯಾನ್ ಇದ್ರ ಬೆನ್ಮೇಲೇ ಅದೆ. ಮೋಟಾರು ಮೆತ್ತಗ್ ತಿರುಗುದ್ರೆ ಫ್ಯಾನೂ ಮೆತ್ತಗೆ. ಉಸ್ರು ಎಲ್ಲಿಂದ ಬತ್ತದೆ?”

ನನ್ನ ಗೈಡ್ ಡಾ. ರಾಜಶೇಖರ್ ಅವರೂ ನಾನೂ ರಾತ್ರಿಯೆಲ್ಲ ಹುಡುಕಿಯೂ ಸಿಗದಿದ್ದ ಕಾರಣ ಅದೇ.

ಯಾವೂರು ಎಂದು ಕೇಳಿದರು. ಭೀಮನಬೀಡು, ಚಿಕ್ಕಮಲ್ಲಪ್ಪನವರ ಮಗಳು ರೂಪಶ್ರೀ ಎಂದೆ. “ನಿಮ್ಮಪ್ಪನ್ ಬೋರ್ ಮೋಟಾರ್ ಮೂರ್ ಸತಿ ಸುತ್ತಿವ್ನಿ ಕಣಮ್ಮಿ! ಮೊದ್ಲೇ ಯೋಳ್ಬಾರ್ದಾ? ಸುಮ್ನೆ ಮೇಡಂ ಅಂತ ಇಂಗ್ಲಿಷ್ ಖರ್ಚ್ ಮಾಡ್ದೆ” ಎಂದರು. ಆಮೇಲೆ ಮುಕ್ಕಾಲು ಗಂಟೆ ನನಗೆ ಬಾಯಿ ಬಿಡಬೇಡ ಎಂದು ಹೇಳಿ, ಸುಟ್ಟ ತಂತಿಯ ಸುತ್ತುಗಳನ್ನು ಎಣಿಸಿದರು. ಹಳೆಯದನ್ನು ಕತ್ತರಿಸುವ ಮುಂಚೆ ಎಣಿಸಬೇಕು. ಕತ್ತರಿಸಿದ ಮೇಲೆ ಆ ಮೋಟಾರು ಹೇಗಿತ್ತೆಂದು ಯಾರಿಗೂ ಗೊತ್ತಾಗುವುದಿಲ್ಲ.

ನೂರುಲ್ಲಾ ಗುಂಡ್ಲುಪೇಟೆಯಲ್ಲೇ ಹುಟ್ಟಿದವರು. ಅಪ್ಪ ಸ್ಟವ್ ರಿಪೇರಿ ಮಾಡುತ್ತಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸೋದರಮಾವನ ಹತ್ತಿರ ವೈಂಡಿಂಗ್ ಕಲಿತರು. ಇಪ್ಪತ್ತೈದರ ವಯಸ್ಸಿನಲ್ಲಿ ಒಬ್ಬ ಕಂತ್ರಾಟುದಾರನ ಜೊತೆ ತಮಿಳುನಾಡಿನ ಗಾಳಿಯಂತ್ರಗಳ ಕೆಲಸಕ್ಕೆ ಹೋದರು. ಎಂಟನೇ ವರ್ಷದ ಕೊನೆಗೆ ಗಾಳಿಯಂತ್ರದ ಏಣಿಯಲ್ಲಿ ಇಳಿಯಲು ಇನ್ನು ಹತ್ತೇ ಮೆಟ್ಟಿಲಿರುವಾಗ ಜಾರಿ ಬಿದ್ದು ಎಡಭುಜ ಮುರಿಯಿತು. ಕಂತ್ರಾಟುದಾರ ಒಂದು ತಿಂಗಳು ಆಸ್ಪತ್ರೆಗೆ ಓಡಾಡಿ ಆಮೇಲೆ ಫೋನ್ ಎತ್ತಲಿಲ್ಲ. ಊರಿಗೆ ಬಂದು ಈ ಅಂಗಡಿ ಹಾಕಿದರು. ವೈಂಡಿಂಗ್ ಕೆಲಸ ಕೂತು ಮಾಡುವುದಾದರೂ ಬೋರ್‌ವೆಲ್ ಮೋಟಾರನ್ನು ಎತ್ತಬೇಕು, ಇಳಿಸಬೇಕು, ಹೊಲಕ್ಕೆ ಹೋಗಿ ಪೈಪು ಎಳೆಯಬೇಕು. ನಾನು ನೋಡುವ ಹೊತ್ತಿಗೆ ಅವರು ರಾತ್ರಿ ಆ ಭುಜದ ಕಡೆ ಹೊರಳಿ ಮಲಗುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಎತ್ತುವುದಿಲ್ಲದ, ಮೇಜಿನ ಮೇಲಿನ ಒಂದು ಕೆಲಸ ಬೇಕು ಎನ್ನುವುದು ಅವರ ಒಂದೇ ಆಸೆ. ಅದನ್ನು ಅವರು ಮುಚ್ಚಿಡುತ್ತಿರಲಿಲ್ಲ.

ನಾಲ್ಕು ದಿನ ಬಿಟ್ಟು ಆರ್ಮೇಚರನ್ನು ಅವರೇ ತಂದರು. “ನಾನೇ ಕೂರುಸ್ತೀನಿ. ನಿಮ್ ಸಿದ್ದಯ್ಯ ಸುತ್ತಿಗೇಲಿ ಬಡ್ದ್‌ಬುಟ್ರೆ ನನ್ ನಾಲ್ಕ್ ದಿನ ನೀರ್ಗೋಯ್ತದೆ.”

“ಬಾರ್ಲಾ ನೂರು, ನಿನ್ ತಲೆಗೂ ಒಂದ್ ಕೊಡ್ತೀನಿ” ಎಂದರು ಸಿದ್ದಯ್ಯ. ಇಬ್ಬರೂ ಚಿಕ್ಕಂದಿನಿಂದ ಪರಿಚಯ.

ಯಂತ್ರ ಓಡಿಸಿದೆವು. ನೂರುಲ್ಲಾ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಜನರೇಟರಿಗೆ ಇಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡರು. ಬಹಳ ಹೊತ್ತು ಕೇಳಿದರು. ರಾಜಶೇಖರ್ ಸರ್ ಕೂಡ ಅಲ್ಲೇ ನಿಂತಿದ್ದರು.

“ಎಲ್ಲ ಸರ್ಯಾಗದೆ. ಆದ್ರೆ ಸಾರ್, ಇದ್ರಲ್ಲಿ ಕಂಬ ಎಲ್ಲಿ?”

“ಯಾವ ಕಂಬ?”

“ಕಾತಾಡಿ ಕಂಬ. ಒಂದೊಂದ್ ರೆಕ್ಕೆನೂ ಕಂಬದ್ ಮುಂದಕ್ ಬಂದಾಗ ಗಾಳಿ ಒಸಿ ತಪ್ಪೋಯ್ತದೆ. ಒಂದ್ ಸುತ್ತಿಗ್ ಮೂರ್ ಸತಿ. ಮೇಲೆ ಪೆಟ್ಟಿಗೇಲಿ ಕೂತಿದ್ರೆ ಸೊಂಟಕ್ಕೇ ಗೊತ್ತಾಯ್ತದೆ. ಇದು ನುಣ್ಗೆ ತಿರುಗ್ತದೆ. ಇಂಗ್ ಯಾವ ಕಾತಾಡಿನೂ ತಿರುಗಕಿಲ್ಲ.”

“ಅದು ಟವರ್ ಶ್ಯಾಡೋ. ಪುಸ್ತಕದಲ್ಲಿದೆ. ಸದ್ಯಕ್ಕೆ ನಾವು ಬಿಟ್ಟಿದ್ದೀವಿ” ಎಂದರು ಸರ್.

ಪುಸ್ತಕದಲ್ಲಿ ಇದ್ದದ್ದು ನಿಜ. ಆದರೆ ತಮಿಳುನಾಡಿನಿಂದ ತರಿಸಿಕೊಂಡಿದ್ದ ನಿಜವಾದ ಗಾಳಿಯಂತ್ರದ ಅಳತೆಗಳಿಗೂ ನಮ್ಮ ಮೇಜಿನ ಅಳತೆಗಳಿಗೂ ಏಳು ತಿಂಗಳಿಂದ ಹೊಂದುತ್ತಿರಲಿಲ್ಲ. ಅಲ್ಲಿಯ ಗ್ರಾಫಿನ ಗೆರೆಯಲ್ಲಿದ್ದ ಸಣ್ಣ ಏರಿಳಿತವನ್ನು ಮೀಟರಿನ ದೋಷ ಎಂದು ನಾನೇ ಅಳಿಸಿಹಾಕಿದ್ದೆ. ಅದನ್ನು ವಾಪಸು ತೆಗೆದು ಎಣಿಸಿದೆ. ಒಂದು ಸುತ್ತಿಗೆ ಸರಿಯಾಗಿ ಮೂರು.

ಅಲ್ಲಿಂದ ನೂರುಲ್ಲಾ ಪ್ರತಿ ಶುಕ್ರವಾರ ಬರತೊಡಗಿದರು. ಶುಕ್ರವಾರ ಅಂಗಡಿಗೆ ರಜೆ. ಬೆಳಿಗ್ಗೆ ಬಸ್ಸಿಗೆ ಬಂದು, ಮಧ್ಯಾಹ್ನ ಚಾಮರಾಜನಗರದಲ್ಲೇ ನಮಾಜು ಮುಗಿಸಿ, ಸಂಜೆವರೆಗೆ ಯಂತ್ರದ ಹತ್ತಿರ ಇರುತ್ತಿದ್ದರು. ನಾನು ಕಂಪ್ಯೂಟರಿನಲ್ಲಿ ಅಂಕಿ ಬದಲಿಸುವುದು, ಅವರು ಯಂತ್ರ ಓಡಿಸಿ ಅದರ ಮೈಮೇಲೆ ಅಂಗೈ ಇಟ್ಟು ಹೇಳುವುದು. “ಇನ್ನೊಸಿ ಇಳ್ಸು.” “ಜಾಸ್ತಿ ಆಯ್ತು, ಎತ್ತಿನ್ ಗಾಡಿ ಆಯ್ತು.” “ಗಾಳಿ ನಿಂತ್ರೆ ತಟ್ ಅಂತ ನಿಂತ್ಕಂಡದಲ್ಲ, ರೆಕ್ಕೆಗೆ ತೂಕ ಇಲ್ವಾ? ಅದು ಒಸಿ ದೂರ ಓಡ್ಬೇಕು ಕಣಮ್ಮಿ.” ಅವರ ಅಂಗೈ ಹೇಳಿದ್ದನ್ನು ನಾನು ಸಮೀಕರಣಕ್ಕೆ ಹಾಕುತ್ತಿದ್ದೆ. ಮೋಟಾರಿಗೆ ಬೇರೆ ಕರೆಂಟಿನಿಂದ ತಿರುಗುವ ಒಂದು ಫ್ಯಾನನ್ನೂ ಹಳೇ ಕೂಲರಿನಿಂದ ತೆಗೆದು ಕೂರಿಸಿದರು. ಆಮೇಲೆ ಅದು ಸುಡಲಿಲ್ಲ.

ಪ್ರಯೋಗಾಲಯದಲ್ಲಿ ಒಂದು ಲಾಗ್ ರಿಜಿಸ್ಟರ್ ಇದೆ. ಯಂತ್ರ ಯಾವಾಗ ಓಡಿತು, ಏನು ಮಾಡಿದರು, ಯಾರು ಓಡಿಸಿದರು ಎಂದು ಬರೆದು ಸಹಿ ಹಾಕಬೇಕು. ಹಿಂದೆ ಯಾವಾಗಲೋ ಹೊರಗಿನವನೊಬ್ಬನಿಗೆ ಶಾಕ್ ಹೊಡೆದು, ಅಂದಿನಿಂದ ಕಾಲೇಜಿಗೆ ಸೇರದವರು ಯಂತ್ರ ಮುಟ್ಟಬಾರದು ಎಂಬ ನಿಯಮವಿತ್ತು. ಮೊದಲ ಶುಕ್ರವಾರವೇ ನಾನು ಪೆನ್ನು ಹಿಡಿದು ನಿಂತೆ.

“ನಿನ್ ಹೆಸ್ರೇ ಬರಿಯವ್ವ. ಅವ್ನ್ ಹೆಸ್ರು ಕಂಡ್ರೆ ನಾಳಿಕೇ ಗೇಟಲ್ ತಡೀತರೆ” ಎಂದರು ಸಿದ್ದಯ್ಯ.

ಸರ್ ಅವರನ್ನು ಕೇಳಿದೆ. “ಬರಲಿ, ನಂಗೇನೂ ಅಭ್ಯಂತರ ಇಲ್ಲ. ಲಾಗ್‌ನಲ್ಲಿ ಮಾತ್ರ ಹೊರಗಿನವರ ಹೆಸರು ಬೇಡ” ಎಂದರು.

ನೂರುಲ್ಲಾ ಅವರೂ ಒಪ್ಪಿದರು. “ಹೆಸ್ರು ತಗಂಡ್ ನಾನೇನ್ ಉಪ್ಪಿನ್ಕಾಯ್ ಆಕ್ಲಾ? ಬರ್ಕೊ” ಎಂದರು. ಎರಡೂವರೆ ವರ್ಷ ನಾನು ದುಂಡಗಿನ ಅಕ್ಷರದಲ್ಲಿ ರೂಪಶ್ರೀ, ರೂಪಶ್ರೀ ಎಂದು ಬರೆದೆ. ಅವರನ್ನು ಉಳಿಸಿಕೊಳ್ಳುವುದಕ್ಕೇ ಹಾಗೆ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಗೆರೆಗಳು ಹೊಂದಿದವು. ನಮ್ಮ ಲೇಖನ ಒಂದು ಸಮ್ಮೇಳನದಲ್ಲಿ ಆಯ್ಕೆಯಾಯಿತು. ಅದರ ಕೊನೆಯಲ್ಲಿ ಕಾಲೇಜಿನ ‘ತಾಂತ್ರಿಕ ಸಿಬ್ಬಂದಿ’ಗೆ ಕೃತಜ್ಞತೆ ಹೇಳಿದ್ದೆವು. ಓದಿ ಕನ್ನಡದಲ್ಲಿ ಹೇಳಿದಾಗ ನೂರುಲ್ಲಾ, “ಇದ್ರಲ್ಲಿ ನಾನೂ ಸೇರ್ದೆನಾ?” ಎಂದರು.

“ಹೂಂ ಅಣ್ಣ, ಸೇರಿದ್ರಿ” ಎಂದೆ. ಅವರು ಸಿಬ್ಬಂದಿ ಅಲ್ಲ ಎಂದು ನನಗೆ ಗೊತ್ತಿತ್ತು.

2024ರ ಆರಂಭದಲ್ಲಿ ಸಿದ್ದಯ್ಯ ನಿವೃತ್ತರಾಗುವವರಿದ್ದರು. ಅವರ ಜಾಗಕ್ಕೆ ಪ್ರಕಟಣೆ ಬಂತು. ಐಟಿಐ ಪ್ರಮಾಣಪತ್ರ ಇರಬೇಕು, ಇಲ್ಲವೇ ಇಂತಹ ಯಂತ್ರಗಳ ಮೇಲೆ ಎರಡು ವರ್ಷ ಕೆಲಸ ಮಾಡಿದ್ದಕ್ಕೆ ದಾಖಲೆ ಇರಬೇಕು. “ನನ್ ಕುರ್ಚಿ ನಿಂದೇ ಕಣ್ಲಾ, ಒರಸ್ಕಂಡ್ ಕೂತ್ಕೊ” ಎಂದರು ಸಿದ್ದಯ್ಯ. ನಾವು ಮೂವರೂ ಅದನ್ನು ನಂಬಿದೆವು. ದಾಖಲೆ ಎಂಬ ಮಾತನ್ನು ಮೂವರೂ ಓದಿದ್ದೆವು. ಯಾರೂ ರಿಜಿಸ್ಟರ್ ತೆಗೆದು ನೋಡಲಿಲ್ಲ.

ಅದೇ ಸಮಯದಲ್ಲಿ ಅಂಗಡಿಯ ಮಾಲೀಕರು ಜಾಗ ಬಿಡಿ ಎಂದು ಒತ್ತಾಯ ಮಾಡುತ್ತಿದ್ದರು. ಊಟಿಗೆ ಹೋಗುವವರಿಗೆ ಹೋಟೆಲು ಮಾಡಲು ಕೇರಳದವರೊಬ್ಬರು ಅಕ್ಕಪಕ್ಕದ ಮೂರು ಅಂಗಡಿ ಒಟ್ಟಿಗೆ ಕೇಳಿದ್ದರು. ನಾನು ಒಂದು ಭಾನುವಾರ ನೂರುಲ್ಲಾ ಅವರ ಮನೆಗೆ ಹೋದಾಗ ಅವರ ಹೆಂಡತಿ ಕುಲ್ಸುಂ ಬಿ ಟೀ ಲೋಟ ಕೈಗೆ ಕೊಟ್ಟು ಎದುರಿಗೇ ಕೂತರು.

“ನೀನಾರ ಯೋಳವ್ವ. ಕೆಲ್ಸದ್ ಕಾಗ್ದ ಕೈಗ್ ಬರ್ಲಿ, ಆಮೇಲ್ ಬೀಗ ಕೊಡಿ ಅಂತೀನಿ. ಕೇಳಕಿಲ್ಲ ಇವ್ರು. ಇಪ್ಪತ್ತೊರ್ಸದ್ ಅಂಗ್ಡಿ.”

“ನಿಂಗ್ ಏನ್ ಗೊತ್ತು, ಸುಮ್ಕಿರು” ಎಂದರು ನೂರುಲ್ಲಾ.

“ನಂಗ್ ಗೊತ್ತಿಲ್ಲ. ಉಡುಮಲೈಗ್ ಓಯ್ತೀನಿ ಅಂದಾಗ್ಲೂ ನಂಗ್ ಗೊತ್ತಿರ್ನಿಲ್ಲ.”

ನಾನು ಹೇಳಿದೆ: “ಖಂಡಿತ ಸಿಗುತ್ತೆ ಅಕ್ಕ. ಆ ಯಂತ್ರ ಇವರಷ್ಟು ಗೊತ್ತಿರೋರು ಜಿಲ್ಲೆಯಲ್ಲೇ ಯಾರಿದ್ದಾರೆ?”

ಆ ವಾರವೇ ಅವರು ಬೀಗದಕೈ ಮಾಲೀಕರಿಗೆ ಕೊಟ್ಟರು. ಮರದ ಅಚ್ಚುಗಳನ್ನು ಎರಡು ಮೂಟೆ ಕಟ್ಟಿ ಮನೆಯ ಅಟ್ಟಕ್ಕೆ ಹಾಕಿದರು.

ಸಂದರ್ಶನ ಮಾರ್ಚ್ ತಿಂಗಳಲ್ಲಿ ನಡೆಯಿತು. ಪ್ರಿನ್ಸಿಪಾಲರು, ಆಡಳಿತ ಮಂಡಳಿಯ ಸದಸ್ಯರಾದ ಶಿವರುದ್ರಸ್ವಾಮಿ, ರಾಜಶೇಖರ್ ಸರ್, ಮೂವರು ಕೂತಿದ್ದರು. ನೂರುಲ್ಲಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ದಾಖಲೆ ಕೇಳಿದಾಗ, ಲಾಗ್ ರಿಜಿಸ್ಟರ್ ತರಿಸಿ ಸಾರ್, ಶುಕ್ರವಾರದ್ದೆಲ್ಲ ನಾನು ಮಾಡಿದ ಕೆಲಸವೇ ಎಂದರಂತೆ. ರಿಜಿಸ್ಟರ್ ಬಂತು. ಶಿವರುದ್ರಸ್ವಾಮಿಯವರು ಹಾಳೆ ತಿರುವಿ ತಿರುವಿ ನೋಡಿ, ನಿಮ್ಮ ಹೆಸರು ಎಲ್ಲಿದೆ ಎಂದರಂತೆ. ಆಮೇಲೆ ಗೇಟಿನ ಪುಸ್ತಕ ತರಿಸಿದರು. ಅದರಲ್ಲಿ ಅವರ ಹೆಸರಿತ್ತು. ತೊಂಬತ್ಮೂರು ಸಲ ಇತ್ತು. ಬಂದ ಕಾರಣ ಎಂಬ ಕಡೆ ಕಾವಲುಗಾರ ತೊಂಬತ್ಮೂರು ಸಲವೂ ‘ಡೆಲಿವರಿ’ ಎಂದು ಬರೆದಿದ್ದ.

ಆಗ ನನ್ನನ್ನು ಕರೆಸಿದರು. ನನ್ನ ಪ್ರಬಂಧ ಸಲ್ಲಿಕೆಯಾಗಿತ್ತು, ಮೌಖಿಕ ಪರೀಕ್ಷೆಗೆ ಹದಿನೈದು ದಿನವಿತ್ತು. ರಾಜಶೇಖರ್ ಸರ್ ನನ್ನನ್ನು ಒಳಗೆ ಕರೆದುಕೊಂಡು ಹೋಗುವ ನೆಪದಲ್ಲಿ ಬಾಗಿಲ ಹೊರಗೆ ಬಂದು ಮೆಲ್ಲಗೆ ಹೇಳಿದರು: “ನಿಮಗೆ ಏನು ಹೇಳಬೇಕು ಅನ್ಸುತ್ತೋ ಹೇಳಿ, ನಾನು ತಡೆಯಲ್ಲ. ಆದ್ರೆ ಆ ರಿಜಿಸ್ಟರ್ ನಿಮ್ಮ ಥೀಸಿಸ್‌ನ ಅನುಬಂಧದಲ್ಲಿದೆ. ಸಹಿ ಸುಳ್ಳು ಅಂದ್ರೆ ಅಳತೆಗಳೂ ಸುಳ್ಳು ಅಂತಾರೆ. ನಿಮ್ದೂ ಹೋಗುತ್ತೆ, ನಂದೂ ಹೋಗುತ್ತೆ.”

ಒಳಗೆ ಹೋದೆ. ನೂರುಲ್ಲಾ ನನ್ನನ್ನು ನೋಡಿ ಸ್ವಲ್ಪ ನಗುಮುಖ ಮಾಡಿದರು. ಇನ್ನು ಸರಿಹೋಯಿತು ಎಂದುಕೊಂಡಿರಬೇಕು.

“ಇವರು ಈ ಯಂತ್ರ ಓಡಿಸ್ತಿದ್ರಾ?” ಎಂದು ಪ್ರಿನ್ಸಿಪಾಲರು ಕೇಳಿದರು.

“ಸಹಾಯ ಮಾಡ್ತಿದ್ರು ಸರ್.”

“ಯಾವ ಥರ ಸಹಾಯ?”

“ಆರ್ಮೇಚರ್ ಸುತ್ತಿಕೊಟ್ರು. ಸಾಮಾನು ತಂದುಕೊಡ್ತಿದ್ರು.”

“ಓಡಿಸಿದ್ದು?”

“ನಾನು ಸರ್.”

ನೂರುಲ್ಲಾ ನನ್ನ ಕಡೆ ನೋಡಲಿಲ್ಲ. “ಐದ್ ನಿಮಿಷ ಕೊಡಿ ಸಾರ್. ಅಲ್ಲೇ ಅದಲ್ಲ, ಓಡ್ಸಿ ತೋರುಸ್ತೀನಿ” ಎಂದರು.

“ಹೊರಗಿನವರು ಮುಟ್ಟೋ ಹಾಗಿಲ್ಲ, ನಿಯಮ ಇದೆ. ನೀವು ಮುಟ್ಟಿಲ್ಲ ಅಂತ ಮೇಡಂ ಹೇಳ್ತಿದ್ದಾರಲ್ಲ?” ಎಂದರು ಶಿವರುದ್ರಸ್ವಾಮಿ. ಅವರ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದರು. ಅವರ ಮುಂದೆ ಇದ್ದದ್ದು ಎರಡು ಪುಸ್ತಕ ಮತ್ತು ನನ್ನ ಮಾತು.

ನಾನು ನೆಲ ನೋಡುತ್ತಿದ್ದೆ. ನೂರುಲ್ಲಾ, “ಹೌದು ಸಾರ್. ಮೇಡಮ್ಮೋರ್ ಯೋಳಿದ್ದು ಸರಿ. ತಂದ್ಕೊಡ್ತಿದ್ದೆ, ಅಷ್ಟೇಯ” ಎಂದರು.

ಅವರು ಹಾಗೆ ಒಪ್ಪಿಕೊಳ್ಳದೆ ಇಲ್ಲ ಎಂದಿದ್ದರೆ ನನಗೆ ಸುಳ್ಳನ್ನು ಸರಿಪಡಿಸುವ ಅವಕಾಶ ಇನ್ನೊಂದು ಸಲ ಸಿಗುತ್ತಿತ್ತೋ ಏನೋ. ನಾನು ಅದನ್ನು ಬಳಸಿಕೊಳ್ಳುತ್ತಿದ್ದೆ ಎಂದು ಹೇಳುವ ಧೈರ್ಯ ನನಗಿಲ್ಲ.

ಸಿದ್ದಯ್ಯ ಪ್ರಯೋಗಾಲಯದ ಬಾಗಿಲಲ್ಲಿ ಕಾಯುತ್ತಿದ್ದರು. ಸುದ್ದಿ ನನಗಿಂತ ಮುಂಚೆ ಅವರಿಗೆ ಮುಟ್ಟಿತ್ತು.

“ನಿನ್ ಬಾಯ್ಗೆ ಏನಾಗಿತ್ತವ್ವ?”

“ನನ್ನ ಹೆಸರು ಬರಿ ಅಂತ ಹೇಳಿದ್ದು ನೀವೇ ಅಲ್ವಾ?”

“ಬರಿ ಅಂದೆ. ಅವ್ನ್ ಮುಂದ್ಗಡೆ ನಿಂತ್ಕಂಡು ಇಲ್ಲ ಅನ್ನು ಅಂದ್ನಾ? ಅಂಗ್ಡಿ ಕಿತ್ತಾಕ್ಬುಟ್ಟವ್ನೆ ಅವ್ನು!”

ಅದಾದ ಮೇಲೆ ನಿವೃತ್ತಿಯವರೆಗಿನ ಮೂರು ವಾರ ಅವರು ನನ್ನ ಹತ್ತಿರ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಹುದ್ದೆಗೆ ಹಂಗಳದ ಶಾಂತರಾಜು ಬಂದರು. ಐಟಿಐ ಮಾಡಿದವರು, ಕೆಟ್ಟವರಲ್ಲ. ಆ ಯಂತ್ರವನ್ನು ಅವರು ಮೊದಲ ಸಲ ನೋಡಿದ್ದು ಸೇರಿದ ದಿನ. ಹೇಗೆ ಓಡಿಸಬೇಕೆಂದು ನಾನೇ ಕಲಿಸಿಕೊಟ್ಟೆ. ಕಲಿಸುವಾಗ ಅಂಗೈ ಎಲ್ಲಿ ಇಟ್ಟು ನೋಡಬೇಕೆಂದೂ ಹೇಳಿದೆ. ಯಾರು ಹೇಳಿಕೊಟ್ಟರು ಮೇಡಂ ಎಂದು ಕೇಳಿದರು. ಅಭ್ಯಾಸದಿಂದ ಬಂತು ಎಂದೆ.

ನನಗೆ ಡಿಗ್ರಿ ಬಂತು. ನಮ್ಮ ಮನೆತನದಲ್ಲಿ ಹತ್ತನೇ ಕ್ಲಾಸು ದಾಟಿದ್ದೇ ನಾನು ಮೊದಲು. ಊರಿನಲ್ಲಿ ಅಪ್ಪ ಎಲ್ಲರಿಗೂ ಸಿಹಿ ಹಂಚಿದರು. ನೂರುಲ್ಲಾ ಅವರಿಗೂ ಕೊಟ್ಟು ಬಾ ಎಂದು ಒಂದು ಪೊಟ್ಟಣ ನನ್ನ ಕೈಗೆ ಇಟ್ಟರು. ಅಪ್ಪನಿಗೆ ಏನೂ ಹೇಳಿರಲಿಲ್ಲ. ಕಟ್ಟು ಹಾಕಿಸಿದ ಪ್ರಬಂಧದ ಒಂದು ಪ್ರತಿಯನ್ನೂ ಇಟ್ಟುಕೊಂಡು ಹೋದೆ. ಬಾಗಿಲಿಗೆ ಕುಲ್ಸುಂ ಬಿ ಬಂದರು. ಎರಡನ್ನೂ ತೆಗೆದುಕೊಂಡರು.

“ಅಣ್ಣ ಇದ್ದಾರಾ ಅಕ್ಕ?”

“ಅವ್ರೆ. ಮಲ್ಗವ್ರೆ.” ಒಳಗೆ ರೇಡಿಯೋ ಹಾಡುತ್ತಿತ್ತು, ಯಾರೋ ಅದರ ಸದ್ದು ಕಡಿಮೆ ಮಾಡಿದ್ದು ಕೇಳಿಸಿತು. “ಕೂತ್ಕೊ ಅನ್ನಕೆ ಆಯ್ತಾ ಇಲ್ಲ ಕಣವ್ವ. ತಪ್ ತಿಳ್ಕಬ್ಯಾಡ.”

ನಾನು ಈಗ ಅದೇ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕಿ. ಬೇರೆ ಕಾಲೇಜುಗಳಿಂದಲೂ ನಮ್ಮ ಯಂತ್ರದ ಮೇಲೆ ಪರೀಕ್ಷೆ ಮಾಡಲು ವಿದ್ಯಾರ್ಥಿಗಳು ಬರುತ್ತಾರೆ. ಒಂದು ಸುತ್ತಿಗೆ ಮೂರು ಸಲ ಬಲ ಇಳಿಯುವುದನ್ನು ಪರದೆಯ ಮೇಲೆ ತೋರಿಸಿದಾಗ ಫೋಟೋ ತೆಗೆದುಕೊಳ್ಳುತ್ತಾರೆ.

ನೂರುಲ್ಲಾ ಮತ್ತೆ ಅಂಗಡಿ ಹಾಕಲಿಲ್ಲ. ಬೋರ್ ಮೋಟಾರಿನವರು ಈಗ ಮೈಸೂರಿನಿಂದ ಕ್ರೇನಿನ ಗಾಡಿ ಸಮೇತ ಹೊಲಕ್ಕೇ ಬರುತ್ತಾರೆ. ಗುಂಡ್ಲುಪೇಟೆಯ ಒಂದು ಕಲ್ಯಾಣ ಮಂಟಪದಲ್ಲಿ ಅವರು ಡೀಸೆಲ್ ಜನರೇಟರ್ ನೋಡಿಕೊಳ್ಳುತ್ತಾರೆ. ಮದುವೆ ಇರುವ ದಿನ ಹೋಗುತ್ತಾರೆ, ಕರೆಂಟು ಹೋದಾಗ ಅದನ್ನು ಚಾಲೂ ಮಾಡುತ್ತಾರೆ, ಬಂದಾಗ ನಿಲ್ಲಿಸುತ್ತಾರೆ.